ಕಾದ ಎಂಜಿನ್ ನಿಲ್ಲಿಸದ ಪಂಪಣ್ಣ

ಚಿತ್ತವಾಡ್ಗಿಯ ಜಡೆಪ್ಪ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಪಂಪಣ್ಣ ಮೂವತ್ತೆರಡು ವರ್ಷ ಎಂಜಿನ್ ನೋಡಿಕೊಂಡ. ಹೆಚ್ಚುಕಡಿಮೆ ಅಷ್ಟೇ ವರ್ಷ ಭರಮಣ್ಣನ ಮೇಲಿನ ಹೊಟ್ಟೆಕಿಚ್ಚನ್ನೂ ನೋಡಿಕೊಂಡ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಎಣ್ಣೆ ಹಾಕಿದನೆಂದು ಅವನ ಹೆಂಡತಿ ಹೊನ್ನೂರಮ್ಮನನ್ನು ಕೇಳಿ ನೋಡಿ. ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆಯೇ ಹೊರತು ಉತ್ತರ ಕೊಡುವುದಿಲ್ಲ.

ಕೆಟ್ಟ ಮನುಷ್ಯನೇನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಇನ್ನೊಬ್ಬರ ಗದ್ದೆಯ ನೀರು ತಿರುಗಿಸಿಕೊಂಡವನಲ್ಲ. ಪಕ್ಕದ ಮನೆಯವರು ಹೊಸ ಸೈಕಲ್ ತಂದರೆ ತಾನೇ ಹೋಗಿ ಚೈನಿಗೆ ಎಣ್ಣೆ ಬಿಟ್ಟು ಬರುವವನು. ಊರಿನಲ್ಲಿ ಯಾರು ಉದ್ಧಾರವಾದರೂ ಅವನಿಗೆ ಸಂತೋಷ, ಒಬ್ಬನನ್ನು ಬಿಟ್ಟು. ಆ ಒಬ್ಬನ ಹೆಸರು ಕಿವಿಗೆ ಬಿದ್ದರೆ ಸಾಕು, ತಿನ್ನುತ್ತಿದ್ದ ರೊಟ್ಟಿ ಗಂಟಲಲ್ಲೇ ನಿಲ್ಲುತ್ತಿತ್ತು.

ಪಂಪಣ್ಣ ಗಿರಣಿಗೆ ಸೇರಿದ್ದು ಅರವತ್ತೈದರಲ್ಲಿ, ಹದಿನೇಳನೆಯ ವಯಸ್ಸಿಗೆ. ಡ್ಯಾಮಿನ ನೀರು ಕಾಲುವೆಗೆ ಬಂದು ಜೋಳದ ಹೊಲಗಳೆಲ್ಲ ಗದ್ದೆಯಾಗುತ್ತಿದ್ದ ಕಾಲ ಅದು. ಕಂಪ್ಲಿ ಕಡೆಯಿಂದ ಭತ್ತದ ಗಾಡಿಗಳು ಸಾಲುಗಟ್ಟಿ ಬಂದು ಗಿರಣಿಯ ಮುಂದೆ ಎರಡೆರಡು ದಿನ ಕಾಯುತ್ತಿದ್ದವು. ಆ ಭತ್ತವನ್ನೆಲ್ಲ ಅಕ್ಕಿ ಮಾಡುತ್ತಿದ್ದದ್ದು ಹಿಂದಿನ ಕೋಣೆಯಲ್ಲಿದ್ದ ಒಂದೇ ಒಂದು ಡೀಸೆಲ್ ಎಂಜಿನ್. ಆಳೆತ್ತರದ ಚಕ್ರ, ಅಗಲವಾದ ಬೆಲ್ಟು, ಡುಗ್ ಡುಗ್ ಸದ್ದು ಸ್ಟೇಷನ್ನಿನವರೆಗೆ ಕೇಳುತ್ತಿತ್ತು. ಎಂಜಿನ್ನನ್ನು ತಣ್ಣಗಿಡಲು ತೊಟ್ಟಿಯಿಂದ ನೀರು ಒಳಗೆ ಹೋಗಿ, ಬಿಸಿಯಾಗಿ ಒಂದು ಕೊಳವೆಯಲ್ಲಿ ಹೊರಗೆ ಬೀಳುತ್ತಿತ್ತು. ಆ ಬಿಸಿನೀರಿಗೆ ಕೇರಿಯ ಹೆಂಗಸರೆಲ್ಲ ಕೊಡ ಹಿಡಿದು ಬರುತ್ತಿದ್ದರು. ಬಾಣಂತಿಯರ ಸ್ನಾನ, ಕೂಸುಗಳ ಸ್ನಾನ ಎಲ್ಲ ಗಿರಣಿಯ ಲೆಕ್ಕದಲ್ಲೇ ನಡೆಯುತ್ತಿತ್ತು.

ಎಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಟ್ಟು ಯಾವುದೋ ಕಾಲವಾಗಿತ್ತು. ಪಂಪಣ್ಣನಿಗೆ ಮುಳ್ಳಿನ ಹಂಗಿರಲಿಲ್ಲ. ಕೊಳವೆಯ ಕೆಳಗೆ ಅಂಗೈ ಹಿಡಿದು ಎಷ್ಟು ಎಣಿಸುವವರೆಗೆ ತಾಳಬಹುದೆಂದು ನೋಡುತ್ತಿದ್ದ. ಇಪ್ಪತ್ತು ಎಣಿಸಿದರೆ ಸುಖ, ಹತ್ತಾದರೆ ಎಚ್ಚರಿಕೆ, ಐದಕ್ಕೇ ಕೈ ಎಳೆದುಕೊಂಡರೆ ಹೊರೆ ಇಳಿಸಬೇಕು. ಒಳಗೆ ಕೂತಿದ್ದಾಗ ಹೊರಗಿನಿಂದ, ನೀರಿಗೆ ಬಂದ ಕೇರಿಯ ಹೊಳೆಮ್ಮ, "ಏನೋ ಪಂಪಾ, ಕೂಸಿನ ತೊಗಲು ಸುಲೀತಿಯೇನು? ಕೈಯಿಡಾಕ ಆಗವಲ್ದು!" ಎಂದು ಕೂಗಿದರೆ ಅದೂ ಅವನಿಗೊಂದು ಮುಳ್ಳು.

ಹಳೆಯ ಡ್ರೈವರ್ ಅವನಿಗೆ ಕಲಿಸಿದ್ದು ಮುಖ್ಯವಾಗಿ ಒಂದೇ ಪಾಠ. ಕಾದ ಎಂಜಿನ್ನನ್ನು ಧಡಕ್ಕನೆ ನಿಲ್ಲಿಸಬಾರದು. ನಿಲ್ಲಿಸಿದರೆ ನೀರಿನ ಓಡಾಟವೂ ನಿಲ್ಲುತ್ತದೆ, ಒಳಗಿನ ಕಾವಿಗೆ ಹೋಗಲು ದಾರಿ ಇರುವುದಿಲ್ಲ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಮೊದಲು ಬೆಲ್ಟನ್ನು ಖಾಲಿ ಗಾಲಿಗೆ ಜಾರಿಸಿ, ಹೊರೆಯಿಲ್ಲದೆ ಹತ್ತು ನಿಮಿಷ ಓಡಿಸಿ, ಆಮೇಲೆ ಬಂದ್ ಮಾಡಬೇಕು. ಪಂಪಣ್ಣ ಈ ಹತ್ತು ನಿಮಿಷವನ್ನು ದೇವರ ಪೂಜೆಯಂತೆ ನಡೆಸಿಕೊಂಡು ಬಂದ. ಮದುವೆಯ ದಿನ ಮುಹೂರ್ತಕ್ಕೆ ತಡವಾಗಿ ಬಂದದ್ದೂ ಇದೇ ಹತ್ತು ನಿಮಿಷದಿಂದ ಎಂದು ಹೊನ್ನೂರಮ್ಮ ಈಗಲೂ ಹಂಗಿಸುತ್ತಾಳೆ.

ಭರಮಣ್ಣ ಅದೇ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಪಂಪಣ್ಣನ ಓರಗೆಯವನು, ಒಂದೇ ಕೇರಿಯವನು. ಬೆನ್ನು ನೋವು ಬಂದಾಗಲೆಲ್ಲ ಎಂಜಿನ್ ಕೋಣೆಗೆ ಬಂದು ಕೂರುತ್ತಿದ್ದ. ಕೂತವನನ್ನು ಸುಮ್ಮನೆ ಕೂರಿಸುವುದೇಕೆಂದು ಪಂಪಣ್ಣ ಅವನ ಕೈಗೆ ಎಣ್ಣೆಯ ಡಬ್ಬಿ ಕೊಟ್ಟ, ಆಮೇಲೆ ಸ್ಪ್ಯಾನರ್ ಕೊಟ್ಟ, ಕಡೆಗೆ ತನಗೆ ಗೊತ್ತಿದ್ದ ಅಷ್ಟನ್ನೂ ಕೊಟ್ಟ. ಹತ್ತು ನಿಮಿಷದ ಪಾಠವನ್ನೂ ಕೊಟ್ಟ. ಇದನ್ನು ನೆನಪಿಡಿ, ಏಕೆಂದರೆ ಪಂಪಣ್ಣ ಒಂದು ದಿನವೂ ಮರೆಯಲಿಲ್ಲ.

ಅರವತ್ತೇಳರಲ್ಲಿ ಬಳ್ಳಾರಿಯಲ್ಲಿ ನೌಕಾಪಡೆಗೆ ಆಳು ತೆಗೆದುಕೊಳ್ಳುತ್ತಾರೆಂದು ಸುದ್ದಿ ಬಂತು. ಇಬ್ಬರೂ ರೈಲು ಹತ್ತಿದರು. ಓಟದಲ್ಲಿ ಇಬ್ಬರೂ ಪಾಸು, ಎದೆಯಳತೆಯಲ್ಲಿ ಇಬ್ಬರೂ ಪಾಸು. ಕಡೆಗೆ ಒಬ್ಬೊಬ್ಬರನ್ನೇ ಒಳಗೆ ಕರೆದು ಮೀಸೆಯ ಸಾಹೇಬನೊಬ್ಬ ಕೆಲಸದ ಬಗ್ಗೆ ಕೇಳಿದ. ಗಿರಣಿ ಎಂಜಿನ್ ಎಂದು ಪಂಪಣ್ಣ ಹೇಳಿದ ಕೂಡಲೇ ಸಾಹೇಬ ಮುಂದಕ್ಕೆ ಬಾಗಿದ.

"ಎಂಜಿನ್ ಪೂರಾ ಕಾದಿದೆ. ಈ ಕ್ಷಣ ನಿಲ್ಲಿಸು ಅಂತ ನಾನು ಹುಕುಂ ಮಾಡ್ತೀನಿ. ಏನು ಮಾಡ್ತೀಯ?"

ಪಂಪಣ್ಣನಿಗೆ ಒಳಗೊಳಗೇ ನಗು ಬಂತು. ಇಷ್ಟು ಸುಲಭದ ಪ್ರಶ್ನೆಯೇ!

"ಹತ್ತು ನಿಮಿಷ ತಡೀರಿ ಸಾಹೇಬ್ರ ಅಂತೀನ್ರಿ."

ಸಾಹೇಬನೂ ನಕ್ಕ. ನಗುತ್ತಲೇ ಕಾಗದದ ಮೇಲೆ ಒಂದು ಗೀಟು ಎಳೆದ. ಆ ಗೀಟು ಪಂಪಣ್ಣನ ಹೆಸರಿನ ಮೇಲೆ ಬಿದ್ದಿತ್ತೆಂದು ಹೊರಗೆ ಬೋರ್ಡಿಗೆ ಪಟ್ಟಿ ಹಚ್ಚಿದಾಗಲೇ ಗೊತ್ತಾದದ್ದು. ಪಟ್ಟಿಯಲ್ಲಿ ಭರಮಣ್ಣ ಇದ್ದ, ಪಂಪಣ್ಣ ಇರಲಿಲ್ಲ.

ವಾಪಸು ಬರುವ ರೈಲಿನಲ್ಲಿ, ದರೋಜಿ ದಾಟಿದ ಮೇಲೆ, ಪಂಪಣ್ಣ ಕೇಳಿದ. "ನಿನಗೂ ಅದನ್ನೇ ಕೇಳಿದನೇನು?"

"ಹೂಂ."

"ಏನಂದಿ?"

"ಅದೇ ಗಳಿಗ್ಗೆ ನಿಲ್ಲಸ್ತೀನಿ ಸಾಬ್ ಅಂದೆ."

"ಲೇ! ನಾ ಕಲಿಸಿದ್ದು ಹಂಗೇನು?"

ಭರಮಣ್ಣ ಕಿಟಕಿಯ ಆಚೆ ನೋಡುತ್ತಾ, "ಸಾಹೇಬ ಕೇಳಿದ, ಹೇಳಿದೆ" ಎಂದಷ್ಟೇ ಅಂದ.

ಅಲ್ಲಿ ಶುರುವಾಯಿತು ನೋಡಿ. ಕೆಲಸ ಸಿಗದ ದುಃಖ ಪಂಪಣ್ಣನಿಗೆ ಆರು ತಿಂಗಳಲ್ಲಿ ಇಳಿಯಿತು. ಇಳಿಯದೆ ಉಳಿದದ್ದು ಇದು: ಸರಿಯಾದ ಉತ್ತರ ಹೇಳಿದವನು ಮನೆಗೆ ಬಂದ, ತಪ್ಪು ಹೇಳಿದವನು ಸಮುದ್ರಕ್ಕೆ ಹೋದ. ಅದೂ ತನ್ನ ಕೈಯಲ್ಲೇ ಕಲಿತವನು! ಭರಮಣ್ಣ ಒಂದೇ ಒಂದು ಸಲ, ನಾಲ್ಕು ಜನರ ಮುಂದೆ, "ಆವತ್ತು ನನ್ನ ಉತ್ತರ ತಪ್ಪು, ಪಂಪನದು ಸರಿ" ಎಂದುಬಿಟ್ಟರೆ ಸಾಕಿತ್ತು. ಪಂಪಣ್ಣನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅಷ್ಟೇ. ತಾನಾಗಿ ಕೇಳಲು ಮಾತ್ರ ಬಾಯಿ ಬರಲಿಲ್ಲ. ಕೇಳಿದರೆ ಹೊಟ್ಟೆ ಉರಿಯುವುದು ಗೊತ್ತಾಗುತ್ತದಲ್ಲ!

ಭರಮಣ್ಣ ಮೊದಲು ಹಡಗಿನಲ್ಲಿದ್ದ, ಆಮೇಲೆ ಸಬ್‌ಮರೀನಿಗೆ ಸೇರಿದ, ಅದರ ಎಂಜಿನ್ ಕೋಣೆಗೇ ಸೇರಿದ. ವಿಶಾಖಪಟ್ಟಣದಿಂದ ಕಾಗದ ಬಂದರೆ ಅಂಚೆಯವನು ಅದನ್ನು ಕೇರಿಗೆಲ್ಲ ತೋರಿಸಿಯೇ ಕೊಡುತ್ತಿದ್ದ. ಬಿಳಿ ಟೋಪಿಯ ಫೋಟೋ ಬಂತು. ಪಂಪಣ್ಣ ಅದನ್ನು ಸಜ್ಜೆಯ ಡಬ್ಬಿಯ ಹಿಂದೆ ಇಟ್ಟ. ಪಂಪಣ್ಣನ ಮದುವೆಗೆ ಭರಮಣ್ಣ ಒಂದು ಮೇಜಿನ ಗಡಿಯಾರ ಕಳಿಸಿದ; ಪಂಪಣ್ಣ ಅದು ಐದು ನಿಮಿಷ ಹಿಂದೆ ಬೀಳುತ್ತದೆಂದು ಸಿಕ್ಕಸಿಕ್ಕವರಿಗೆ ಹೇಳಿದ. ಗಡಿಯಾರ ಹಿಂದೆ ಬೀಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಯಾರೂ ನೋಡದಾಗ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಿದ್ದವನು ಅವನೇ.

"ನೀವು ಗಡಿಯಾರದ ಕುತ್ತಿಗಿ ಹಿಚುಕಿದ್ರ ಭರಮಣ್ಣಗ ಉಸಿರು ಕಟ್ಟತೈತೇನು?" ಎಂದು ಹೊನ್ನೂರಮ್ಮ ಕೇಳಿದ ದಿನ ಅವನು ಊಟ ಮಾಡಲಿಲ್ಲ.

ತೊಂಬತ್ತೊಂದರಲ್ಲಿ ಭರಮಣ್ಣ ನಿವೃತ್ತನಾಗಿ ಊರಿಗೆ ಬಂದ. ನರೆತ ಮೀಸೆ, ನೆಟ್ಟಗಿನ ಬೆನ್ನು, ಗಟ್ಟಿ ದನಿ. ಬಂದ ವರ್ಷವೇ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಬಾವುಟ ಏರಿಸಿದ. ಚಹಾದ ಅಂಗಡಿಯಲ್ಲಿ ಅವನ ಹೆಸರು ಸಬ್‌ಮರೀನ್ ಭರಮಣ್ಣ ಎಂದಾಯಿತು. ಊರಿನಲ್ಲಿ ಯಾರ ಮನೆಯ ಪಂಪ್‌ಸೆಟ್ಟು ಕೆಟ್ಟರೂ, "ಭರಮಣ್ಣನ ಒಂದು ಮಾತು ಕೇಳಿ ಬರ್ರಿ" ಎನ್ನತೊಡಗಿದರು. ಇದೇ ಊರಿನಲ್ಲಿ ಇಪ್ಪತ್ತಾರು ವರ್ಷ ಪಂಪ್‌ಸೆಟ್ಟು ರಿಪೇರಿ ಮಾಡಿದವನು ಪಂಪಣ್ಣ. ಅದಕ್ಕಿಂತ ಉರಿಸಿದ್ದು ಇನ್ನೊಂದು. ಭರಮಣ್ಣ ಒಳ್ಳೆಯವನಾಗಿಯೇ ಇದ್ದ. ಜಂಬವಿಲ್ಲ, ಸುಳ್ಳು ಬಡಾಯಿಯಿಲ್ಲ, ಎದುರು ಸಿಕ್ಕರೆ "ಏನ್ ಪಂಪಾ" ಎಂದು ಹೆಗಲ ಮೇಲೆ ಕೈ ಹಾಕುತ್ತಿದ್ದ. ಬೈಯಲು ಒಂದು ಕಾರಣವನ್ನೂ ಕೊಡದ ಮನುಷ್ಯನನ್ನು ಹೇಗೆ ಸಹಿಸುವುದು, ನೀವೇ ಹೇಳಿ.

ಆ ಹೊತ್ತಿಗೆ ಗಿರಣಿಗೆ ಕರೆಂಟಿನ ಮೋಟಾರು ಬಂದಿತ್ತು. ಎಂಜಿನ್ನಿಗೆ ಕೆಲಸ ಕರೆಂಟ್ ಹೋದಾಗ ಮಾತ್ರ. ದಿನದ ಹೆಚ್ಚು ಹೊತ್ತು ಪಂಪಣ್ಣ ಕಟ್ಟೆಯ ಮೇಲೆ ಕೂತು ಉರಿದುಕೊಳ್ಳಲು ಬಿಡುವಾಗಿದ್ದ.

ತೊಂಬತ್ತೇಳರಲ್ಲಿ ಜಡೆಪ್ಪನವರ ಮಗಳು ಸುವರ್ಣಮ್ಮ, ಬಳ್ಳಾರಿಯಲ್ಲಿ ಓದಿ ಬಂದವಳು, ಗಿರಣಿಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಳು. ಮೂರು ಯಂತ್ರಗಳು. ಒಂದರಲ್ಲಿ ಸಬ್‌ಮರೀನಿನ ಆಟವಿತ್ತು. ಅಂಥ ಆಟವಿದ್ದ ಮೇಲೆ ಟೇಪು ಕತ್ತರಿಸಲು ಕರೆಯುವುದು ಯಾರನ್ನು? ಭರಮಣ್ಣನನ್ನೇ. ಪಂಪಣ್ಣ ಬಾಗಿಲ ಹಿಂದೆ ನಿಂತು ಚಪ್ಪಾಳೆಯನ್ನು ಕೇಳಿದ.

ಮರುದಿನ ಮಧ್ಯಾಹ್ನ ಕ್ಲಾಸು ಖಾಲಿಯಿದ್ದಾಗ ಮೆಲ್ಲಗೆ ಒಳಗೆ ಬಂದ.

"ಟೀಚರಮ್ಮ, ಆ ಆಟದಾಗ ಎಂಜಿನ್ ಐತೇನು?"

"ಐತಿ ಬರ್ರಿ ಪಂಪಣ್ಣೋರೆ, ಕುಂದ್ರಿ" ಎಂದು ಸುವರ್ಣಮ್ಮ ಕುರ್ಚಿ ಎಳೆದಳು. ಅಪ್ಪನ ಗಿರಣಿಯ ಮನುಷ್ಯ, ತನ್ನನ್ನು ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತವನು, ಅವನಿಗೆ ಇಲ್ಲವೆನ್ನುವುದುಂಟೆ? ನೀರಿನ ಮೇಲೆ ಹೋಗುವಾಗ ಡೀಸೆಲ್ ಎಂಜಿನ್, ಮುಳುಗಿದ ಮೇಲೆ ಬ್ಯಾಟರಿ; ಒಂದು ದಡದಿಂದ ಇನ್ನೊಂದು ದಡ ಸೇರಬೇಕು; ನಡುವೆ ವಿಮಾನ ಬಂದರೆ ಮುಳುಗಬೇಕು ಎಂದು ತೋರಿಸಿಕೊಟ್ಟಳು.

ಪಂಪಣ್ಣ ಬಾಣದ ಗುರುತಿನ ಬಟನ್ ಒತ್ತಿದ. ಎಂಜಿನ್ ಪೂರಾ ವೇಗಕ್ಕೆ ಹೋಯಿತು, ಹೋಗಿಯೇ ಹೋಯಿತು. ಕಾಲು ಗಂಟೆಯಾದರೂ ಏನೂ ಆಗಲಿಲ್ಲ.

"ಇದು ಕಾಯಂಗಿಲ್ಲೇನು?"

"ಕಾಯೋದನ್ನ ನಾನೇ ತಗದೀನ್ರಿ. ಅದು ಬೇಕಂದ್ರ ಬೇರೆ ಹಾಕಬೇಕು. ಅದನ್ನ ಹಾಕಿದ್ರ ಎಲ್ಲಾರೂ ಅರ್ಧ ದಾರ್ಯಾಗ ಎಂಜಿನ್ ಸುಟ್ಟುಕೊಂಡು ಎದ್ದು ಹೋಗ್ತಾರ."

"ಹಾಕಮ್ಮ. ಕಾಯದ ಎಂಜಿನ್ ಒಂದು ಎಂಜಿನ್ನೇನು?"

ಅವಳು ಹಾಕಿದಳು. ಪರದೆಯ ಮೂಲೆಯಲ್ಲಿ ಒಂದು ಮುಳ್ಳು ಬಂತು, ಅದರ ಕೊನೆಗೆ ಕೆಂಪು ಪಟ್ಟಿ. ಪಕ್ಕದಲ್ಲಿ ಎಂಜಿನ್ ನೂರಕ್ಕೆ ಎಷ್ಟು ಸವೆದಿದೆ ಎಂಬ ಅಂಕಿ. ಮುಳ್ಳು ಕೆಂಪಿನಲ್ಲಿ ನಿಂತಷ್ಟು ಹೊತ್ತು ಸವೆತ ಏರುತ್ತಾ ಹೋಗುತ್ತದೆ, ಸವೆದದ್ದು ಮತ್ತೆ ಸರಿಹೋಗುವುದಿಲ್ಲ, ಎಂಜಿನ್ನಿನ ಶಕ್ತಿ ಅಷ್ಟಕ್ಕಷ್ಟು ಕಡಿಮೆ. ಪಂಪಣ್ಣನಿಗೆ ಇದು ಬಹಳ ಹಿಡಿಸಿತು. ಆದರೂ ಸಿಟ್ಟು ಬರಲು ಕಾರಣ ಇಲ್ಲದಿರಲಿಲ್ಲ. ಎಂಜಿನ್ ಕಾದರೂ ತಣ್ಣಗಿದ್ದರೂ ಸದ್ದು ಒಂದೇ. "ಕಾದ ಎಂಜಿನ್ ಹಿಂಗ ಹಾಡ್ತೈತೇನು? ಅದು ನರಳಬೇಕು" ಎಂದ. ಕಾವು ನೋಡಲು ಅಭ್ಯಾಸಬಲದಿಂದ ಕಂಪ್ಯೂಟರಿನ ನೆತ್ತಿಯ ಮೇಲೆ ಅಂಗೈ ಇಟ್ಟ. ಅದು ನಿಜಕ್ಕೂ ಬಿಸಿಯಾಗಿತ್ತು. "ಟೀಚರಮ್ಮ, ಇದಕ್ಕ ನೀರು ಎಲ್ಲಿಂದ ಬಿಡ್ತೀರಿ?" ಎಂದು ಗಾಬರಿಯಿಂದ ಕೇಳಿದ. ಸುವರ್ಣಮ್ಮ ನಗು ತಡೆದುಕೊಳ್ಳಲು ಹೊರಗೆ ಹೋದಳು.

ಮೂರು ವಾರ ಪಂಪಣ್ಣ ಮಧ್ಯಾಹ್ನದ ನಿದ್ದೆ ಬಿಟ್ಟ. ಮುಕ್ಕಾಲು ವೇಗಕ್ಕಿಂತ ಮೇಲೆ ಹೋಗಲೇ ಇಲ್ಲ. ಮುಳ್ಳು ಕೆಂಪಿನ ಮಗ್ಗುಲಿಗೆ ಬಂದರೆ ಸಾಕು, ಹೊರೆ ಇಳಿಸಿ ಕಾಯುತ್ತಿದ್ದ. ವಿಮಾನ ಬರುವ ಹೊತ್ತಿಗೆ ಎಂಜಿನ್ ತಣ್ಣಗಿರುತ್ತಿತ್ತು, ನಿಲ್ಲಿಸಿ ಮುಳುಗುತ್ತಿದ್ದ. ಬೇರೆಯವರು ಅರ್ಧ ಗಂಟೆಯಲ್ಲಿ ಮುಗಿಸುವ ಆಟಕ್ಕೆ ಅವನಿಗೆ ಎರಡು ಗಂಟೆ ಹಿಡಿಯುತ್ತಿತ್ತು, ಆದರೆ ದಡ ಸೇರಿದಾಗ ಸವೆತ ನೂರಕ್ಕೆ ಬರೀ ಮೂರು. ಇಷ್ಟು ಹೊಸದಾಗಿ ಎಂಜಿನ್ ತಂದು ನಿಲ್ಲಿಸಿದವರು ಇನ್ನೊಬ್ಬರಿಲ್ಲ ಎಂದು ಸುವರ್ಣಮ್ಮ ಹೇಳಿದಾಗ ಪಂಪಣ್ಣನ ಎದೆ ಬಳ್ಳಾರಿಯ ಅಳತೆಗಿಂತ ಎರಡಿಂಚು ಹೆಚ್ಚು ಉಬ್ಬಿತು.

ಆಗ ಹೊಳೆಯಿತು ಅವನಿಗೆ. ಭರಮಣ್ಣನನ್ನು ಇಲ್ಲಿ ಕೂರಿಸಬೇಕು. ಕಾಯುವ ಎಂಜಿನ್ ಹಾಕಿಸಬೇಕು. ಅವನು ಬಳ್ಳಾರಿಯಲ್ಲಿ ಹೇಳಿದಂತೆಯೇ ಮಾಡುತ್ತಾನೆ, ಮಾಡದೆ ಎಲ್ಲಿ ಹೋಗುತ್ತಾನೆ? ಮಾಡಿದ ಕ್ಷಣ ನಾಲ್ಕು ಜನರ ಮುಂದೆ ಹಿಡಿಯಬೇಕು. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದ.

ಸುವರ್ಣಮ್ಮ ಒಪ್ಪಿದಳು. ಒಂದು ಭಾನುವಾರ ಮಧ್ಯಾಹ್ನ ಜಡೆಪ್ಪ ಸಾಹುಕಾರರು ಕುರ್ಚಿಯಲ್ಲಿ ಕೂತರು. ಗಿರಣಿಯ ಆಳುಗಳು ಗೋಡೆಗೆ ಒರಗಿದರು. ಹೊಳೆಮ್ಮ, ಈಗ ಹಣ್ಣುಹಣ್ಣು ಮುದುಕಿ, ಬಾಗಿಲಲ್ಲಿ ಎಲೆಅಡಿಕೆ ಬಿಚ್ಚಿಕೊಂಡು ಕೂತಳು. ಹೊನ್ನೂರಮ್ಮನೂ ಬಂದಿದ್ದಳು. ಬರಬೇಡವೆಂದು ಪಂಪಣ್ಣ ಹೇಳಿರಲಿಲ್ಲ. ಬರಲಿ ಎಂದೇ ಇದ್ದ.

ಭರಮಣ್ಣ ಕನ್ನಡಕ ಹಾಕಿಕೊಂಡು ಕೂತ. ಸುವರ್ಣಮ್ಮ ಬಟನ್ನುಗಳನ್ನು ಒಂದು ಸಲ ತೋರಿಸಿದಳು. ಅವನು ತಡಮಾಡದೆ ಪೂರಾ ವೇಗ ಕೊಟ್ಟ. ಮುಳ್ಳು ಏರಿತು, ಕೆಂಪನ್ನು ಮುಟ್ಟಿತು, ಅಲ್ಲೇ ನಿಂತಿತು. ಸವೆತ ಹತ್ತಾಯಿತು, ಹದಿನೈದಾಯಿತು. ಪಂಪಣ್ಣನಿಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ ಹಬ್ಬ. ಅಷ್ಟರಲ್ಲಿ ವಿಮಾನದ ಸದ್ದು ಬಂತು. ಭರಮಣ್ಣನ ಬೆರಳು ಒಂದು ಚೂರೂ ಅನುಮಾನಿಸಲಿಲ್ಲ. ಕಾದು ಕೆಂಪಾದ ಎಂಜಿನ್ನನ್ನು ಟಕ್ಕನೆ ನಿಲ್ಲಿಸಿ ಮುಳುಗಿಸಿದ.

"ನೋಡಿದ್ರೇನು!" ಪಂಪಣ್ಣ ಕೂಗಿಯೇಬಿಟ್ಟ. "ಎಲ್ಲಾರೂ ನೋಡಿದ್ರೇನು? ಕಾದ ಎಂಜಿನ್ ಧಡಕ್ಕನ ನಿಲ್ಲಸಿದ! ಇಪ್ಪತ್ನಾಕು ವರ್ಷ ನೌಕರಿ ಮಾಡಿ ಬಂದಾನ, ಇಷ್ಟೂ ಗೊತ್ತಿಲ್ಲ! ಹತ್ತು ನಿಮಿಷ ಖಾಲಿ ಓಡಸಬೇಕು ಅಂತ ಇವಗ ನಾನೇ ಕಲಿಸಿದ್ದೆ, ಸಾವ್ಕಾರ್ರ!"

ಎಲ್ಲರೂ ಭರಮಣ್ಣನನ್ನು ನೋಡಿದರು. ಅವನು ನಿಧಾನವಾಗಿ ಕನ್ನಡಕ ತೆಗೆದ.

"ಖರೇ, ಇವನೇ ಕಲಿಸಿದ್ದು" ಎಂದ. "ಆದ್ರ ಪಂಪಾ, ಸಬ್‌ಮರೀನ್ ಮುಳುಗಬೇಕಾದ್ರ ಗಾಳಿ ಬರೋ ಬಾಯಿ ಮುಚ್ಚತಾರ. ಡೀಸೆಲ್ ಎಂಜಿನ್ ಗಾಳಿ ಕುಡೀತೈತಿ. ಹೊರಗಿನ ಗಾಳಿ ಬಂದ್ ಆದ ಮ್ಯಾಲೂ ಓಡಸಿದ್ರ ಒಳಗಿನ ಗಾಳಿ ಕುಡೀತೈತಿ, ನಾವು ಉಸಿರಾಡೋದು. ಕಿವಿ ಒಡದಂಗ ಆಗತೈತಿ. ಎಪ್ಪತ್ತು ಮಂದಿ ಇರ್ತೀವಿ ಒಳಗ. ಹತ್ತು ನಿಮಿಷ ಎಲ್ಲಿಂದ ತರೋದು?"

"ಮತ್ತ ಎಂಜಿನ್ನು?" ಪಂಪಣ್ಣನ ದನಿ ಇಳಿದಿತ್ತು.

"ನೀರು ಓಡಸಾಕ ಬ್ಯಾಟರಿ ಪಂಪು ಬ್ಯಾರೆ ಇರತಿತ್ತು. ಆದ್ರೂ ಸವೀತಿತ್ತು. ದಂಡಿಗೆ ಬಂದ ಮ್ಯಾಲೆ ಬಿಚ್ಚಿ ಹೊಸಾದು ಹಾಕತಿದ್ವಿ."

ಜಡೆಪ್ಪನವರು "ಹೌದಲ್ಲೋ!" ಎಂದು ತೊಡೆ ತಟ್ಟಿಕೊಂಡರು. ಆಳುಗಳು ನಕ್ಕರು. ಪಂಪಣ್ಣ ಮೂವತ್ತು ವರ್ಷದಿಂದ ತಪ್ಪೆಂದು ಎದೆಯಲ್ಲಿಟ್ಟುಕೊಂಡ ಉತ್ತರ ಕಣ್ಣೆದುರೇ ಸರಿಯಾಗಿ ಕೂತಿತ್ತು.

"ಈಗ ನೀ ಓಡಸು ನೋಡೋಣು" ಎಂದರು ಜಡೆಪ್ಪನವರು. "ಆದ್ರ ಅವನಂಗ ಜೋರು ಓಡಸಬೇಕು. ಎತ್ತಿನಗಾಡಿ ಹೊಡದಂಗಲ್ಲ."

ಹೊನ್ನೂರಮ್ಮ ನೋಡುತ್ತಿದ್ದಳು. ಪಂಪಣ್ಣ ಕೂತ. ಪೂರಾ ವೇಗ ಕೊಟ್ಟ. ಮುಳ್ಳು ಕೆಂಪಿಗೆ ಬಂತು, ಆದರೂ ಬಿಡಲಿಲ್ಲ. ವಿಮಾನ ಬಂತು.

ಏನು ಮಾಡಬೇಕೆಂದು ಗೊತ್ತಿತ್ತು. ಈಗಷ್ಟೇ ಕೇಳಿದ್ದ, ಕೇಳಿ ಅರ್ಥವೂ ಆಗಿತ್ತು. ಇದು ಎಂಜಿನ್ ಅಲ್ಲ, ಗಾಜಿನ ಮೇಲಿನ ಬೆಳಕು ಎಂಬುದೂ ಗೊತ್ತಿತ್ತು. ಬೆರಳು ಮಾತ್ರ ಹೋಗಲಿಲ್ಲ. "ನಿಲ್ಲಸೋ ಪಂಪಣ್ಣಾ!" ಎಂದು ಜಡೆಪ್ಪನವರು ಕೂಗಿದರು. "ನಿಲ್ಲಸ್ರಿ!" ಎಂದು ಹೊನ್ನೂರಮ್ಮನೂ ಕೂಗಿದಳು. ಪಂಪಣ್ಣ ವೇಗ ಇಳಿಸಿ, ಹೊರೆ ಇಳಿಸಿ, ಮುಳ್ಳು ಕೆಳಗೆ ಬರುವುದನ್ನೇ ನೋಡುತ್ತಾ ಕೂತ. ಮುಳ್ಳು ಒಂದು ಬೆರಳಷ್ಟು ಇಳಿಯುವುದರೊಳಗೆ ಬಾಂಬು ಬಿತ್ತು. ಪರದೆಯ ಮೇಲೆ ಎಲ್ಲ ಸಿಬ್ಬಂದಿ ಸತ್ತರೆಂದು ಇಂಗ್ಲಿಷ್ ಅಕ್ಷರ ಬಂತು. ಸುವರ್ಣಮ್ಮ ಅದನ್ನು ಕನ್ನಡದಲ್ಲಿ ಓದಿ ಹೇಳಲು ಹೋಗಲಿಲ್ಲ.

ಯಾರೋ ಪಕ್ಕನೆ ನಕ್ಕರು. ಅಷ್ಟರಲ್ಲಿ ದೇವರು ನಡೆಸಿಕೊಟ್ಟ ಹಾಗೆ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು, ಒಳಗೆ ಗಿರಣಿಯ ಮೋಟಾರು ನಿಂತಿತು. ಸೋಮವಾರದ ಲಾರಿಗೆ ಅಕ್ಕಿ ಆಗಬೇಕಿತ್ತು. ಪಂಪಣ್ಣ ಯಾರ ಮುಖವನ್ನೂ ನೋಡದೆ ಎದ್ದು ಎಂಜಿನ್ ಕೋಣೆಗೆ ಓಡಿದ.

ಹ್ಯಾಂಡಲ್ ತಿರುಗಿಸುವಾಗ ಇನ್ನೊಂದು ಜೊತೆ ಕೈ ಬಂದು ಹಿಡಿಯಿತು. ಭರಮಣ್ಣ. ಇಬ್ಬರೂ ಸೇರಿ ತಿರುಗಿಸಿದರು, ಎಂಜಿನ್ ಡುಗ್ ಎಂದಿತು. ಒಂದು ಗಂಟೆ ಕಾಲ ಮಾತಿಗೆ ಆಸ್ಪದವಿಲ್ಲದಷ್ಟು ಸದ್ದು. ಪಂಪಣ್ಣನಿಗೆ ಅದೇ ಬೇಕಾಗಿತ್ತು. ಈ ಮನುಷ್ಯ ಇಲ್ಲಿಂದ ಎದ್ದು ಹೋಗಬಾರದೇ ಎಂದು ಒಳಗೇ ಬೇಯುತ್ತಿದ್ದ. ಭರಮಣ್ಣ ಖಾಲಿ ಚೀಲದ ಮೇಲೆ, ಮೂವತ್ತು ವರ್ಷದ ಹಿಂದೆ ಕೂತಂತೆಯೇ ಕೂತಿದ್ದ.

"ಕರೆಂಟ್ ಬಂತು, ಬಂದ್ ಮಾಡೋ!" ಎಂದು ಜಡೆಪ್ಪನವರು ಅಂಗಳದಿಂದ ಕೂಗಿದರು. ಪಂಪಣ್ಣ ಬೆಲ್ಟನ್ನು ಖಾಲಿ ಗಾಲಿಗೆ ಜಾರಿಸಿದ. ಎಂಜಿನ್ನಿನ ಸದ್ದು ಇಳಿಯಿತು. ಅವನು ಹೊರಗಿನ ಕೊಳವೆಯ ಕೆಳಗೆ ಅಂಗೈ ಹಿಡಿದು ನೋಡಿ ಒಳಗೆ ಬಂದ.

"ಪಂಪಾ" ಎಂದ ಭರಮಣ್ಣ. "ಆವತ್ತು ಬಳ್ಳಾರ್ಯಾಗ ನಾ ಹೇಳಿದ್ದು ಸುಳ್ಳು."

ಪಂಪಣ್ಣ ತಿರುಗಿ ನೋಡಿದ.

"ಸಬ್‌ಮರೀನ್ ಅಂದ್ರ ಏನಂತ ಆವತ್ತು ನನಗೇನ್ ಗೊತ್ತಿತ್ತು? ಸಮುದ್ರಾನೇ ನೋಡಿರಲಿಲ್ಲ. ನೀ ಕಲಿಸಿದ್ದೇ ಸರಿ ಅಂತ ಗೊತ್ತಿತ್ತು. ಸಾಹೇಬನ ಮುಖ ನೋಡಿದೆ, ಅವಗ ಎಂಜಿನ್ ಬ್ಯಾಡಾಗಿತ್ತು, ಹುಕುಂ ಕೇಳೋ ಆಳು ಬೇಕಾಗಿತ್ತು. ಚೀಲ ಹೊತ್ತು ಹೊತ್ತು ಬೆನ್ನು ಮುರದಿತ್ತು ನಂದು. ಬೇಕಂತಲೇ ತಪ್ಪು ಹೇಳಿ ನೌಕರಿ ಹಿಡದೆ. ರೈಲಿನ್ಯಾಗ ನೀ ಕೇಳಿದಾಗ ನಿನ್ನ ಮುಖ ನೋಡಾಕ ಆಗಲಿಲ್ಲ. ಆಮ್ಯಾಲೆ ನೀರಿನೊಳಗ ಹೋದ ಮ್ಯಾಲೆ ಆ ತಪ್ಪೇ ಸರಿ ಆತು, ಅದು ನನ್ನ ಅದೃಷ್ಟ. ಆವತ್ತಿನ ದಿನಕ್ಕ ನಿಂದೇ ಸರಿ."

ಮೂವತ್ತು ವರ್ಷ ಕಾದ ಮಾತು. ಪಂಪಣ್ಣನ ಕಣ್ಣು ಒದ್ದೆಯಾಯಿತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಹೊಟ್ಟೆಯೊಳಗಿನದು ತಣ್ಣಗಾಯಿತು. ಆಮೇಲೆ ನೆನಪಾಯಿತು, ಇಲ್ಲಿ ಕೇಳಿಸಿಕೊಳ್ಳಲು ತಾನೊಬ್ಬನೇ ಇದ್ದೇನೆ.

"ಇದನ್ನ ಎಲ್ಲಾರ ಮುಂದ ಹೇಳ್ತಿಯೇನು?"

"ಈಗ್ಲೇ ನಡಿ" ಎಂದು ಭರಮಣ್ಣ ಎದ್ದೇಬಿಟ್ಟ. "ಸಾವ್ಕಾರ್ರು ಅಂಗಳದಾಗ ಅದಾರ, ನಿನ್ನ ಹೆಂಡ್ತೀನೂ ಅಲ್ಲೇ ಅದಾಳ. ಕೂಗು ಎಲ್ಲಾರನ್ನೂ."

ಹಿಂದೆಮುಂದೆ ನೋಡದೆ ಎದ್ದನಲ್ಲ, ಅದು ಪಂಪಣ್ಣನಿಗೆ ಚುರುಕ್ಕೆಂದಿತು. ಮುಂದೆ ಆಗುವುದೆಲ್ಲ ಅವನ ಕಣ್ಣಿಗೆ ಕಟ್ಟಿತು. ಅಂಗಳದ ನಡುವೆ ನರೆಮೀಸೆಯ ಭರಮಣ್ಣ ನೆಟ್ಟಗೆ ನಿಂತು ಆ ಗಟ್ಟಿ ದನಿಯಲ್ಲಿ ತಪ್ಪು ಒಪ್ಪಿಕೊಳ್ಳುತ್ತಾನೆ. ಹೊಳೆಮ್ಮ ಮೂಗಿನ ಮೇಲೆ ಬೆರಳಿಟ್ಟು, ಎಂಥಾ ದೊಡ್ಡ ಮನಸ್ಸು ಎನ್ನುತ್ತಾಳೆ. ಜಡೆಪ್ಪನವರು ಕೈ ಕುಲುಕುತ್ತಾರೆ. ಬರುವ ಆಗಸ್ಟಿಗೆ ಶಾಲೆಯಲ್ಲಿ ಇದೇ ಕಥೆಯನ್ನು ಮಕ್ಕಳಿಗೆ ಹೇಳುತ್ತಾರೆ. ಹೊನ್ನೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಭರಮಣ್ಣನನ್ನು ನೋಡಿ. ಸೋತದ್ದರಲ್ಲೂ ಅವನೇ ಗೆದ್ದುಬಿಡುತ್ತಾನೆ!

ಪಂಪಣ್ಣ ಧಾವಿಸಿ ಅವನ ತೋಳು ಹಿಡಿದ. "ಕುಂದ್ರು."

"ಯಾಕೋ?"

"ಕುಂದ್ರು ಅಂದೆ. ಯಾರಿಗೂ ಹೇಳಬ್ಯಾಡ. ಸಾಯೋತನಕ ಒಬ್ಬರಿಗೂ ಹೇಳಬ್ಯಾಡ, ನನ್ನ ಆಣೆ."

ಭರಮಣ್ಣ ಅವನನ್ನೇ ನೋಡುತ್ತಾ ಮೆಲ್ಲಗೆ ಕೂತ. ಇಪ್ಪತ್ತನಾಲ್ಕು ವರ್ಷ ಸಮುದ್ರದ ತಳದಲ್ಲಿದ್ದು ಬಂದ ಮನುಷ್ಯ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ನನ್ನ ಮಾನ ಉಳಸಾಕ ಇಷ್ಟು ಮಾಡ್ತಿಯೇನೋ?" ಎಂದ. "ಲೇ ಪಂಪಾ, ಇಂಥಾ ಮನಸ್ಸು ನನಗ ಒಂದಿನಾನೂ ಬರಲಿಲ್ಲಲ್ಲೋ. ನಿನ್ನ ನೋಡಿದ್ರ ಹೊಟ್ಟಿ ಉರೀತೈತಿ ನನಗ, ಖರೇ ಹೇಳ್ತೀನಿ."

ಹಾಗಲ್ಲ ಎಂದು ಪಂಪಣ್ಣ ಹೇಳಬೇಕಿತ್ತು. ಬಾಯಿಯವರೆಗೂ ಬಂತು. ಆದರೆ ಮೂವತ್ತು ವರ್ಷಗಳಲ್ಲಿ ಇದೇ ಮೊದಲ ಸಲ ಭರಮಣ್ಣ ಅವನನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದ. ಪಂಪಣ್ಣ ಬಾಯಿ ಮುಚ್ಚಿಕೊಂಡು, ದೊಡ್ಡ ಮನಸ್ಸಿನವನ ಮುಖ ಮಾಡಿಕೊಂಡು, ಅವನ ಪಕ್ಕದಲ್ಲಿ ಚೀಲದ ಮೇಲೆ ಕೂತ.